ಕೊನೆಯ ಸಾಲಿನಲ್ಲಿ ನಿಂತವಳ ಲೆಕ್ಕ: ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸೈಕ್ಲೋಕ್ರಾಸ್ ಆಯೋಗದ ಸದಸ್ಯರು,
ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ (ಯುಸಿಐ),
ಏಗ್ಲ್, ಸ್ವಿಟ್ಜರ್ಲೆಂಡ್

ಮಾನ್ಯರೇ,

ಪುತ್ತೂರಿನ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದು, ಕೆಲಸದ ನಿಮಿತ್ತ ಬೆಲ್ಜಿಯಂನ ಲುವೆನ್‌ಗೆ ಬಂದು ನೆಲೆಸಿರುವ, ಒಂಬತ್ತು ಚಳಿಗಾಲಗಳಿಂದ ಭಾನುವಾರಗಳನ್ನು ಸೈಕ್ಲೋಕ್ರಾಸ್ ಓಟದ ಹಾದಿಯಂಚಿನಲ್ಲಿ ನಿಂತು ಕಳೆಯುತ್ತಿರುವ ಒಬ್ಬ ಸಾಮಾನ್ಯ ಪ್ರೇಕ್ಷಕಿ ನಾನು. ಸೈಕ್ಲಿಂಗ್ ಸಂಘಟನೆಗಳ ಜೊತೆ ನನಗೆ ಯಾವ ಸಂಬಂಧವೂ ಇಲ್ಲ. ಟಿಕೆಟ್ ಕೊಂಡು ಒಳಗೆ ಬರುವುದಷ್ಟೇ ನನಗಿರುವ ಅಧಿಕಾರ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕನ್ನಡದಲ್ಲೂ ಬರೆದು ನನ್ನ ಜನರ ಮುಂದಿಡುತ್ತಿರುವುದಕ್ಕೆ ಕಾರಣವಿದೆ. ಆಟವನ್ನೇ ಕಸುಬಾಗಿ ಮಾಡಿಕೊಂಡ ಹೆಣ್ಣುಮಗಳು ಗೆಲ್ಲದ ದಿನಗಳಲ್ಲಿ ಏನು ಉಣ್ಣಬೇಕು ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ, ಮತ್ತು ಇಲ್ಲಿ ನಾನು ತಮ್ಮನ್ನು ಕೇಳಬೇಕೆಂದಿರುವುದು ಅದೊಂದನ್ನೇ.

ತಮಗೆ ಹೇಳಬೇಕಾದ್ದಲ್ಲವಾದರೂ, ಊರಿನ ಓದುಗರಿಗಾಗಿ ಆಟದ ಬಗ್ಗೆ ನಾಲ್ಕು ಮಾತು ಹೇಳಿ ಮುಂದುವರಿಯುತ್ತೇನೆ. ಇಲ್ಲಿನ ಫ್ಲಾಂಡರ್ಸ್ ಪ್ರದೇಶದ, ಡಚ್ ಮಾತಾಡುವ ಫ್ಲೆಮಿಷ್ ಜನ ಇದನ್ನು ‘ವೆಲ್ಡ್‌ರೈಡೆನ್’ ಎನ್ನುತ್ತಾರೆ. ಪದ ಬಿಡಿಸಿದರೆ ‘ಹೊಲ ಸವಾರಿ’ ಎಂದಾಗುತ್ತದೆ. ಎರಡು ಪದಗಳನ್ನು ಕೂಡಿಸಿ ಓದಿದರೆ ನಮ್ಮ ಕಿವಿಗೆ ‘ಹೊಲಸು’ ಎಂದೇ ಕೇಳಿಸುತ್ತದೆ, ಡಿಸೆಂಬರ್ ತಿಂಗಳಲ್ಲಿ ಅದೇನೂ ತಪ್ಪು ಅರ್ಥವಲ್ಲ. ಸುಮಾರು ಎರಡೂವರೆಯಿಂದ ಮೂರೂವರೆ ಕಿಲೋಮೀಟರ್ ಉದ್ದದ ಒಂದು ಸುತ್ತು, ಅದರಲ್ಲಿ ಹುಲ್ಲು, ಜಾರು ಮಣ್ಣು, ಮರಳು, ಮೆಟ್ಟಿಲು, ಹತ್ತಲಾಗದ ದಿಬ್ಬ, 40 ಸೆಂಟಿಮೀಟರ್ ಎತ್ತರದ ಹಲಗೆಗಳು. ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲವಾದ್ದರಿಂದ ಕೆಸರು ತುಂಬಿದ ಕಡೆ ಸವಾರರು ಇಳಿದು, ಸೈಕಲನ್ನು ಹೆಗಲಿಗೇರಿಸಿ ಓಡುತ್ತಾರೆ. ಪುರುಷರ ಓಟ ಸುಮಾರು ಒಂದು ಗಂಟೆ, ಮಹಿಳೆಯರದು ಸುಮಾರು 50 ನಿಮಿಷ. ಆಟಿ ತಿಂಗಳ ಕೆಸರುಗದ್ದೆ ಓಟವನ್ನು ನೋಡಿ ಬೆಳೆದ ನನಗೆ ಈ ಆಟ ಮೊದಲ ದಿನವೇ ಹಿಡಿಸಿತು. ನಮ್ಮ ಗದ್ದೆಯ ಓಟ ಒಂದು ದಿನದ ಹಬ್ಬ, ಇವರದು ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗಿನ ಜೀವನೋಪಾಯ ಎಂಬ ವ್ಯತ್ಯಾಸ ಅರಿವಿಗೆ ಬರಲು ನನಗೆ ಒಂದೆರಡು ವರ್ಷ ಬೇಕಾಯಿತು.

ಪುರುಷರ ವಿಶ್ವ ಚಾಂಪಿಯನ್‌ಷಿಪ್ ಪ್ಯಾರಿಸ್‌ನಲ್ಲಿ ಮೊದಲ ಬಾರಿಗೆ ನಡೆದದ್ದು 1950ರಲ್ಲಿ. ಮಹಿಳೆಯರಿಗೆ ಅದೇ ಅವಕಾಶ ಸಿಕ್ಕಿದ್ದು 2000ದಲ್ಲಿ, ನೆದರ್ಲೆಂಡ್ಸ್‌ನ ಸಿಂಟ್ ಮಿಹೀಲ್ಸ್‌ಗೆಸ್ಟೆಲ್‌ನಲ್ಲಿ. ಗೆದ್ದವರು ಜರ್ಮನಿಯ ಹಾಂಕಾ ಕುಪ್ಫರ್‌ನಾಗೆಲ್. ನಡುವಿನ ಅರ್ಧ ಶತಮಾನದಲ್ಲಿ ಹೆಂಗಸರು ಸೈಕಲ್ ತುಳಿಯದೆ ಇದ್ದರೆಂದಲ್ಲ, ಲೆಕ್ಕಕ್ಕೆ ಬರಲಿಲ್ಲ ಅಷ್ಟೆ. 2000ದ ನಂತರವೂ ದೀರ್ಘಕಾಲ ಎಲ್ಲ ವಯಸ್ಸಿನವರಿಗೂ ಒಂದೇ ಓಟವಿತ್ತು. 2006ರಲ್ಲಿ ಝೆಡ್ಡಾಮ್‌ನಲ್ಲಿ ನೆದರ್ಲೆಂಡ್ಸ್‌ನ 18 ವರ್ಷದ ಮರಿಯಾನ್ನೆ ವೋಸ್ ವಿಶ್ವ ಚಾಂಪಿಯನ್ ಆದಾಗ ಎಲ್ಲರೂ ಆಕೆಯ ಪ್ರತಿಭೆಯನ್ನು ಹೊಗಳಿದರು. ಅದು ಸರಿಯಾದ ಹೊಗಳಿಕೆಯೇ. ಆದರೆ ಆಕೆ ಆ ವಯಸ್ಸಿನಲ್ಲಿ ಹಿರಿಯರ ಜೊತೆ ಸೆಣಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ಆಕೆಯ ವಯಸ್ಸಿನ ಹುಡುಗಿಯರಿಗಾಗಿ ಬೇರೊಂದು ವಿಶ್ವ ಚಾಂಪಿಯನ್‌ಷಿಪ್ ಓಟವೇ ಇರಲಿಲ್ಲ. 23 ವರ್ಷದೊಳಗಿನ ಮಹಿಳೆಯರ ಓಟ 2016ರಲ್ಲಿ ಝೋಲ್ಡರ್‌ನಲ್ಲಿ ಶುರುವಾಯಿತು, ಜೂನಿಯರ್ ಹುಡುಗಿಯರದು 2020ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯೂಬೆಂಡಾರ್ಫ್‌ನಲ್ಲಿ. ವೋಸ್‌ರಂಥವರು ಹಿರಿಯರ ನಡುವೆಯೂ ಈಜಿ ದಡ ಸೇರಿದರು. ಮುಳುಗಿಹೋದ ಹದಿನೇಳು ಹದಿನೆಂಟರ ಹುಡುಗಿಯರ ಹೆಸರು ಯಾವ ಪಟ್ಟಿಯಲ್ಲೂ ಉಳಿದಿಲ್ಲ.

ಝೋಲ್ಡರ್‌ನ ಮಾತು ಬಂದದ್ದರಿಂದ ಒಂದನ್ನು ಹೇಳಿಬಿಡುತ್ತೇನೆ. 23ರೊಳಗಿನ ಮಹಿಳೆಯರ ಆ ಮೊಟ್ಟಮೊದಲ ವಿಶ್ವ ಓಟವನ್ನು ಗೆದ್ದವರು ಬ್ರಿಟನ್ನಿನ ಈವೀ ರಿಚರ್ಡ್ಸ್. ಆದರೆ ಮರುದಿನ ಜಗತ್ತಿನ ಪತ್ರಿಕೆಗಳೆಲ್ಲ ಬರೆದದ್ದು ಅದೇ ಓಟದಲ್ಲಿ ಬೆಲ್ಜಿಯಂನ ಸ್ಪರ್ಧಿಯೊಬ್ಬರ ಸೈಕಲ್ಲಿನ ಕೊಳವೆಯೊಳಗೆ ಸಿಕ್ಕ ಮೋಟಾರಿನ ಬಗ್ಗೆ. ತಾವು ಆ ಸ್ಪರ್ಧಿಗೆ ಆರು ವರ್ಷ ನಿಷೇಧ ಹೇರಿದಿರಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಹದಿನಾರು ವರ್ಷ ಕಾದು ಸಿಕ್ಕ ಓಟದ ಮೊದಲ ಗೆಲುವಿಗೆ ಪತ್ರಿಕೆಗಳಲ್ಲಿ ಒಂದು ಸಾಲಿನ ಜಾಗವೂ ಸರಿಯಾಗಿ ಸಿಗಲಿಲ್ಲವಲ್ಲ ಎಂಬ ಬೇಸರ ಮಾತ್ರ ನನಗೆ ಇನ್ನೂ ಹೋಗಿಲ್ಲ.

ಈಗ ನಾನು ಹೇಳಹೊರಟ ವೃತ್ತಿಜೀವನಕ್ಕೆ ಬರುತ್ತೇನೆ. ಸಾನ್ನೆ ಕಾಂಟ್ 1990ರ ಅಕ್ಟೋಬರ್‌ನಲ್ಲಿ ಹುಟ್ಟಿದವರು, ಬೆಲ್ಜಿಯಂನ ಆಂಟ್ವರ್ಪ್ ಪ್ರಾಂತ್ಯದ ಲಿಲ್ಲೆ ಎಂಬ ಸಣ್ಣ ಊರಿನವರು. ಫ್ರಾನ್ಸಿನ ದೊಡ್ಡ ಲಿಲ್ ನಗರ ಬೇರೆ. 2010ರ ಜನವರಿಯಲ್ಲಿ, 19ರ ವಯಸ್ಸಿನಲ್ಲಿ ಬೆಲ್ಜಿಯಂ ರಾಷ್ಟ್ರೀಯ ಚಾಂಪಿಯನ್ ಆದರು. ಆಮೇಲೆ 2024ರವರೆಗೆ ಆ ಪಟ್ಟವನ್ನು ಒಂದು ವರ್ಷವೂ ಬಿಟ್ಟುಕೊಡಲಿಲ್ಲ. ಸತತ 15 ಬಾರಿ. ಸೈಕ್ಲೋಕ್ರಾಸ್ ಎಂದರೆ ಧರ್ಮವೇ ಆಗಿರುವ ನಾಡಿನಲ್ಲಿ, ಗಾಯ, ಜ್ವರ, ಪಂಕ್ಚರ್, ಹೊಸ ಹುಡುಗಿಯರ ಪೈಪೋಟಿ ಎಲ್ಲವೂ ಸೇರಿದ ಆಟದಲ್ಲಿ, ವರ್ಷಕ್ಕೆ ಒಂದೇ ದಿನ ನಡೆಯುವ ಓಟವನ್ನು 15 ವರ್ಷ ಗೆಲ್ಲುವುದು ಎಂದರೆ ಏನೆಂದು ತಮಗೆ ನಾನು ಹೇಳಬೇಕಿಲ್ಲ. 2025ರ ಜನವರಿಯಲ್ಲಿ ಮಾರಿಯೋನ್ ನಾರ್ಬರ್ಟ್ ರಿಬೆರೋಲ್ ಆ ಸರಪಳಿಯನ್ನು ಕಡಿದರು, ಅದೇ ಋತುವಿನ ಕೊನೆಯಲ್ಲಿ ಕಾಂಟ್ ನಿವೃತ್ತರಾದರು.

ವಿಶ್ವ ಮಟ್ಟದಲ್ಲಿ ಅವರ ದಾರಿ ಇಷ್ಟು ಸುಗಮವಾಗಿರಲಿಲ್ಲ, ನನಗೆ ಅವರು ಇಷ್ಟವಾಗುವುದೂ ಅದಕ್ಕೇ. 2012ರಲ್ಲಿ ಕೋಕ್ಸೈಡೆಯ ಕಡಲತೀರದ ಮರಳುದಿಬ್ಬಗಳಲ್ಲಿ ಕಂಚು. 2015ರಲ್ಲಿ ಟಾಬೋರ್‌ನಲ್ಲಿ ಪೌಲೀನ್ ಫೆರಾಂ ಪ್ರೆವೋ ಎದುರು ಸೋತು ಬೆಳ್ಳಿ. 2016ರಲ್ಲಿ ತವರು ನೆಲವಾದ ಝೋಲ್ಡರ್‌ನಲ್ಲಿ, ಗೆಲ್ಲುತ್ತಾರೆಂದು ಊರಿಗೆ ಊರೇ ನಂಬಿದ್ದಾಗ, ಮತ್ತೆ ಕಂಚು. ಕೊನೆಗೆ 2017ರ ಜನವರಿಯಲ್ಲಿ ಲಕ್ಸೆಂಬರ್ಗಿನ ಬೀಲೆಸ್‌ನಲ್ಲಿ, ನೆಲ ಹೆಪ್ಪುಗಟ್ಟಿ ಗಾಜಿನಂತಾಗಿದ್ದ ದಿನ, ಅದುವರೆಗೆ ಏಳು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ವೋಸ್ ಅವರನ್ನು ಕೆಲವೇ ಸೆಕೆಂಡುಗಳ ಅಂತರದಲ್ಲಿ ಹಿಂದೆ ಹಾಕಿದರು. ಓಟದ ಕೊನೆಯ ಹೊತ್ತಿನಲ್ಲಿ ವೋಸ್ ಅವರ ಚೈನು ಕಳಚಿತ್ತು ಎಂಬುದನ್ನು ಕೆಲವರು ಇಂದಿಗೂ ಎತ್ತಿ ಆಡುತ್ತಾರೆ. ಚೈನನ್ನು ಕಳಚದಂತೆ ಓಡಿಸುವುದೂ ಈ ಆಟದ ವಿದ್ಯೆಯೇ ಎಂಬುದು ನನ್ನ ವಾದ. ಬೆಲ್ಜಿಯಂನ ಮಹಿಳೆಯೊಬ್ಬರು ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು. 2018ರಲ್ಲಿ ಫಾಲ್ಕೆನ್‌ಬರ್ಗ್, 2019ರಲ್ಲಿ ಡೆನ್ಮಾರ್ಕಿನ ಬೋಗೆನ್ಸೆ: ಹೀಗೆ ಮೂರು ವರ್ಷ ವಿಶ್ವ ಚಾಂಪಿಯನ್ ತೊಡುವ ಕಾಮನಬಿಲ್ಲಿನ ಪಟ್ಟೆಯ ಅಂಗಿ ಅವರ ಮೈಮೇಲಿತ್ತು.

ಅವರು ಸವಾರಿ ಆರಂಭಿಸಿದ ಕಾಲದಲ್ಲಿ ಮಹಿಳೆಯರ ಓಟ 40 ನಿಮಿಷದ್ದು. ಟಿವಿ ಕ್ಯಾಮೆರಾಗಳು ಬಿಚ್ಚಿಕೊಳ್ಳುವ ಮೊದಲೇ, ಬಿಯರ್ ಡೇರೆಗಳು ತುಂಬುವ ಮೊದಲೇ ಎಷ್ಟೋ ಕಡೆ ಅದು ಮುಗಿದುಹೋಗುತ್ತಿತ್ತು. ಈಗ ಮಧ್ಯಾಹ್ನ ಪುರುಷರ ಓಟಕ್ಕೆ ಸ್ವಲ್ಪವೇ ಮುಂಚೆ, ತುಂಬಿದ ಜನರ ನಡುವೆ ಮಹಿಳೆಯರು ಓಡುತ್ತಾರೆ, ಟಿವಿಯಲ್ಲಿ ಪೂರ್ತಿ ಓಟ ನೇರವಾಗಿ ಬರುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ನ ಬಹುಮಾನದ ಹಣವನ್ನು 2013ರಿಂದ ಎಲ್ಲ ವಿಭಾಗಗಳಲ್ಲೂ ಗಂಡಸರಿಗೆ ಹೆಂಗಸರಿಗೆ ಸಮ ಮಾಡಿದಿರಿ, ವಿಶ್ವಕಪ್ಪಿನಲ್ಲೂ ಅದೇ ದಾರಿ ಹಿಡಿದಿರಿ. ಬ್ರಿಟನ್ನಿನ ಹೆಲೆನ್ ವೈಮನ್ ಅವರಂಥ ಸವಾರರು, ಎರಡು ಬಾರಿ ಯುರೋಪ್ ಚಾಂಪಿಯನ್ ಆಗಿದ್ದವರು, ತಮ್ಮದೇ ಆಯೋಗದೊಳಗೆ ಕುಳಿತು ವರ್ಷಗಟ್ಟಲೆ ಒತ್ತಾಯಿಸದಿದ್ದರೆ ಇವುಗಳಲ್ಲಿ ಎಷ್ಟು ಆಗುತ್ತಿತ್ತೋ ಹೇಳಲಾರೆ. ಆದದ್ದಂತೂ ಆಯಿತು, ಅದಕ್ಕೆ ನನ್ನ ಧನ್ಯವಾದವಿದೆ.

ಆದರೆ ನಮ್ಮಲ್ಲಿ ಒಂದು ಗಾದೆಯಿದೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ವೇದಿಕೆಯ ಮೇಲಿನ ಸಮಾನ ಬಹುಮಾನ ಆ ಮಲ್ಲಿಗೆ ಹೂವು. ಅದರ ಪರಿಮಳವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಬಹುಮಾನದ ಹಣದಿಂದ ಈ ಆಟದಲ್ಲಿ ಯಾರ ಸಂಸಾರವೂ ನಡೆಯುವುದಿಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಸೈಕ್ಲೋಕ್ರಾಸ್‌ನ ನಿಜವಾದ ಹಿಟ್ಟು ಎಂದರೆ ಸ್ಟಾರ್ಟ್ ಮನಿ. ಊರಿನವರಿಗೆ ಇದನ್ನು ಹೀಗೆ ಹೇಳಬಹುದು: ನಮ್ಮ ಕಡೆ ಯಕ್ಷಗಾನದ ಸಂಘಟಕರು ಹೆಸರಾಂತ ಕಲಾವಿದರನ್ನು ಕರೆಸುವಾಗ ಮೊದಲೇ ಒಂದು ಸಂಭಾವನೆ ಮಾತಾಡಿಕೊಳ್ಳುತ್ತಾರಲ್ಲ, ಅದೇ ಕ್ರಮ. ಓಟದ ಸಂಘಟಕರು ಪ್ರತಿ ಸವಾರರ ಜೊತೆ, ಅಥವಾ ಅವರ ಏಜೆಂಟರ ಜೊತೆ, ಬೇರೆಬೇರೆಯಾಗಿ ಕುಳಿತು ದರ ಕುದುರಿಸುತ್ತಾರೆ. ಗೆದ್ದರೂ ಸೋತರೂ, ಆರಂಭದ ಗೆರೆಯಲ್ಲಿ ಬಂದು ನಿಂತರೆ ಆ ಹಣ ಸಿಗುತ್ತದೆ. ದೊಡ್ಡ ಪುರುಷ ತಾರೆಗಳಿಗೆ ಅದು ಗೆದ್ದವರ ಬಹುಮಾನಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಈ ವ್ಯವಹಾರಕ್ಕೆ ಪಟ್ಟಿಯಿಲ್ಲ, ದರಫಲಕವಿಲ್ಲ, ಯಾರಿಗೆಷ್ಟು ಎಂದು ಯಾರೂ ಬಾಯಿ ಬಿಡುವುದಿಲ್ಲ. ತಾವು ಸಮ ಮಾಡಿದ್ದು ಎಲ್ಲರ ಕಣ್ಣಿಗೆ ಬೀಳುವ ಹಣವನ್ನು, ಬದುಕು ನಡೆಸುವ ಹಣ ಇಂದಿಗೂ ಮುಚ್ಚಿದ ಬಾಗಿಲ ಹಿಂದೆಯೇ ಉಳಿದಿದೆ.

ಮುಂದಿನ ಸಾಲಿನವರು ಈ ಚೌಕಾಸಿಯಲ್ಲಿ ಹೇಗೋ ನಿಭಾಯಿಸುತ್ತಾರೆ. ಕಾಂಟ್ ಅವರಂಥ ರಾಷ್ಟ್ರೀಯ ಚಾಂಪಿಯನ್ ಬರುತ್ತಾರೆಂದರೆ ಫ್ಲಾಂಡರ್ಸ್‌ನ ಯಾವ ಸಂಘಟಕರೂ ಇಲ್ಲವೆನ್ನುವುದಿಲ್ಲ. ನನಗೆ ಚಿಂತೆ ಹತ್ತಿಸಿದ್ದು ಇಪ್ಪತ್ತೈದನೆಯ, ಮೂವತ್ತೈದನೆಯ ಸ್ಥಾನದವರು. ಒಂದು ಡಿಸೆಂಬರ್‌ನಲ್ಲಿ ನಾಮುರ್‌ನ ವಿಶ್ವಕಪ್ ಓಟಕ್ಕೆ ಹೋಗಿದ್ದೆ. ಮ್ಯೂಸ್ ಮತ್ತು ಸಾಂಬ್ರ್ ನದಿಗಳು ಕೂಡುವಲ್ಲಿರುವ ಹಳೆಯ ಕೋಟೆಯ ಗುಡ್ಡದ ಮೇಲೆ, ಹತ್ತುವುದೂ ಇಳಿಯುವುದೂ ಅಷ್ಟೇ ಕಷ್ಟವಾದ ಹಾದಿ ಅದು. ನಾನು ನಿಂತದ್ದು ಸೈಕಲ್ ಬದಲಿಸುವ ಪಿಟ್ ಜಾಗದ ಪಕ್ಕದಲ್ಲಿ. ಮುಂಚೂಣಿಯವರಿಗಾಗಿ ಅಲ್ಲಿ ಮೂರು ನಾಲ್ಕು ಜನರ ಪಡೆ: ಒಬ್ಬ ಕೆಸರಾದ ಸೈಕಲ್ ಹಿಡಿಯುತ್ತಾನೆ, ಇನ್ನೊಬ್ಬಳು ತೊಳೆದ ಸೈಕಲ್ ಕೈಗಿಡುತ್ತಾಳೆ, ಮೂರನೆಯವನು ಒತ್ತಡದ ನೀರು ಹಾಯಿಸಿ ಗಿಯರಿನಿಂದ ಮಣ್ಣು ಕೀಳುತ್ತಾನೆ. ಅರ್ಧ ಸುತ್ತಿಗೊಮ್ಮೆ ಇದೇ ಕೆಲಸ. ಇವರ ಪಕ್ಕದಲ್ಲಿ, ತಂತಿಯ ಮೂಲೆಗೆ ಒತ್ತಿಕೊಂಡು, ವಯಸ್ಸಾದ ಗಂಡಸೊಬ್ಬರು ಒಂದು ಪ್ಲಾಸ್ಟಿಕ್ ಬಕೆಟ್ ಮತ್ತು ಪಾತ್ರೆ ತಿಕ್ಕುವಂಥ ಬ್ರಷ್ ಹಿಡಿದು ಕುಳಿತಿದ್ದರು. ಮಗಳು ಓಡುತ್ತಿದ್ದಾಳೆ ಎಂದರು. ಹೆಸರು ಇಲ್ಲಿ ಬೇಡ. ಅವಳಿಗೆ ಇದ್ದದ್ದು ಎರಡು ಸೈಕಲ್ಲು, ಒಬ್ಬ ತಂದೆ.

ಅವಳು ಆರಂಭದಲ್ಲಿ ನಿಂತದ್ದು ಕೊನೆಯ ಸಾಲಿನಲ್ಲಿ. ಎಂಟು ಎಂಟು ಜನರ ಸಾಲುಗಳಲ್ಲಿ ನಿಲ್ಲಿಸುತ್ತಾರೆ, ಯಾರು ಎಲ್ಲಿ ಎಂಬುದನ್ನು ತಮ್ಮ ರ‍್ಯಾಂಕಿಂಗ್ ತೀರ್ಮಾನಿಸುತ್ತದೆ. ಅಗಲವಾದ ಡಾಂಬರು ರಸ್ತೆಯಲ್ಲಿ ಗುಂಪು ಹೊರಡುತ್ತದೆ, ಇನ್ನೂರು ಮೀಟರ್ ಕಳೆಯುವಷ್ಟರಲ್ಲಿ ಹಾದಿ ಇಬ್ಬರು ಹಿಡಿಯುವಷ್ಟು ಕಿರಿದಾಗುತ್ತದೆ. ಮುಂದಿನವರು ನುಗ್ಗಿ ಹೋಗುತ್ತಾರೆ. ಹಿಂದಿನ ಸಾಲಿನವರು ಮೊದಲ ದಿಬ್ಬದಲ್ಲಿ ಕಾಲೂರಿ, ಪಡಿತರದ ಅಂಗಡಿಯ ಸರತಿಯಂತೆ ಕಾಯುತ್ತಾರೆ. ಅಲ್ಲಿ ಕಳೆದ ಮುಕ್ಕಾಲು ನಿಮಿಷವನ್ನು ಉಳಿದ 49 ನಿಮಿಷದಲ್ಲಿ ಹಿಂದಕ್ಕೆ ಪಡೆಯುವುದು ಹೆಚ್ಚಿನವರಿಂದ ಆಗುವ ಮಾತಲ್ಲ. ಅದರ ಮೇಲೆ ಶೇಕಡಾ 80ರ ನಿಯಮ: ಮುಂದಾಳು ಮೊದಲ ಸುತ್ತಿಗೆ ತೆಗೆದುಕೊಂಡ ಸಮಯದ ಶೇ 80ರಷ್ಟು ಹಿಂದೆ ಬಿದ್ದವರನ್ನು ಓಟದಿಂದ ಹೊರಗೆ ಕರೆಯುತ್ತಾರೆ. ಆ ಹುಡುಗಿ ಮೂರು ಸುತ್ತು ಉಳಿದಿರುವಾಗಲೇ ಹೊರಬಿದ್ದಳು. ಪಿಟ್ ಹತ್ತಿರ ಬಂದು ಸೈಕಲನ್ನು ತಂದೆಯ ಕೈಗೆ ಕೊಟ್ಟಳು, ಅವರು ಏನೂ ಮಾತಾಡದೆ ಹ್ಯಾಂಡಲ್‌ಗೆ ಅಂಟಿದ ಮಣ್ಣನ್ನು ಬೆರಳಿನಲ್ಲೇ ತೆಗೆಯತೊಡಗಿದರು. ಮಣ್ಣು ಹೋದ ಮೇಲೆ ನೋಡಿದರೆ ಅವಳ ಕೈಗವಸಿನ ಎರಡು ಬೆರಳು ಹರಿದಿದ್ದವು.

ರ‍್ಯಾಂಕಿಂಗ್ ಪಾಯಿಂಟ್ ಇಲ್ಲದಿದ್ದರೆ ಹಿಂದಿನ ಸಾಲು. ಹಿಂದಿನ ಸಾಲಿನಿಂದ ಹೊರಟರೆ ಪಾಯಿಂಟ್ ಸಿಗುವುದು ದುರ್ಲಭ. ಪಾಯಿಂಟ್ ಇಲ್ಲದವಳಿಗೆ ಸ್ಟಾರ್ಟ್ ಮನಿ ಯಾರೂ ಕೊಡುವುದಿಲ್ಲ. ಹಣವಿಲ್ಲದಿದ್ದರೆ ಪಾಯಿಂಟ್ ಸಿಗುವ ಓಟಗಳಿಗೆ ಹೋಗಲಾಗುವುದಿಲ್ಲ. ರ‍್ಯಾಂಕಿಂಗ್ ಎಂಬುದು ಹಿಂದಿನ ಒಂದು ವರ್ಷದ ಲೆಕ್ಕವಾದ್ದರಿಂದ, ಕಾಲು ಮುರಿದುಕೊಂಡು ಒಂದು ಋತು ಮನೆಯಲ್ಲಿ ಕೂತವಳು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬೆಲ್ಜಿಯಂ ಅಥವಾ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವಳಿಗೆ ಇದನ್ನು ದಾಟಲು ಒಂದು ಸೌಲಭ್ಯವಿದೆ: ಕ್ರಿಸ್‌ಮಸ್ ವಾರದಲ್ಲಿ ಮನೆಯಿಂದ ಒಂದೆರಡು ಗಂಟೆಯ ದಾರಿಯೊಳಗೇ ನಾಲ್ಕೈದು ಓಟಗಳು ನಡೆಯುತ್ತವೆ, ರಾತ್ರಿ ಮನೆಗೆ ಬಂದು ಬಿಸಿ ಊಟ ಮಾಡಬಹುದು. ಅಮೆರಿಕದಿಂದಲೋ ಜಪಾನಿನಿಂದಲೋ ಬರುವವಳು ವಿಮಾನದ ಟಿಕೆಟ್, ಬಾಡಿಗೆ ವ್ಯಾನು, ಆರು ಚಕ್ರ, ಇಬ್ಬರು ಮೆಕ್ಯಾನಿಕರ ಊಟ ಎಲ್ಲವನ್ನೂ ಹೊತ್ತು ಬರಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ರಸ್ತೆ ಮತ್ತು ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ರಾಷ್ಟ್ರೀಯ ಪದಕಗಳನ್ನು ತರುತ್ತಾರೆ; ಅವರಲ್ಲೊಬ್ಬಳಿಗೆ ಈ ಹುಚ್ಚು ಹತ್ತಿದರೆ ಎಲ್ಲಿಂದ ಶುರು ಮಾಡು ಎನ್ನಬೇಕೋ ನನಗೆ ತಿಳಿಯದು. ಸದ್ಯ ಆ ಮಕ್ಕಳಿಗೆ ರೈಲ್ವೆಯ ಕ್ರೀಡಾ ಕೋಟಾದ ನೌಕರಿಯೇ ಗುರಿ. ಅದನ್ನು ಹಗುರವಾಗಿ ನೋಡಬೇಕಿಲ್ಲ: 2014ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಇಟಲಿಯ ಈವಾ ಲೆಕ್ನರ್ ಕೂಡ ಆ ದೇಶದ ಸೇನೆಯ ಕ್ರೀಡಾ ಪಡೆಯಲ್ಲಿದ್ದವರು. ತಿಂಗಳ ಕೊನೆಗೆ ಸಂಬಳ ಬರುತ್ತದೆ ಎಂಬ ಧೈರ್ಯವಿದ್ದರೆ ಸವಾರಿಯೇ ಬೇರೆ.

ಆ ಧೈರ್ಯವನ್ನು ಕೊಡುವುದು ತಮ್ಮಿಂದ ಆಗದ ಕೆಲಸವೇನಲ್ಲ, ಏಕೆಂದರೆ ತಾವು ಅದನ್ನು ಒಮ್ಮೆ ಮಾಡಿ ತೋರಿಸಿದ್ದೀರಿ. ರಸ್ತೆ ಸೈಕ್ಲಿಂಗ್‌ನಲ್ಲಿ ಅಗ್ರ ದರ್ಜೆಯ ಮಹಿಳಾ ತಂಡಗಳಿಗೆ 2020ರಲ್ಲಿ ವರ್ಷಕ್ಕೆ 15,000 ಯೂರೊ ಕನಿಷ್ಠ ಸಂಬಳವನ್ನು ಕಡ್ಡಾಯ ಮಾಡಿದಿರಿ. ಅದು 2022ರ ಹೊತ್ತಿಗೆ 27,500ಕ್ಕೂ, 2023ರಲ್ಲಿ 32,102ಕ್ಕೂ ಏರಿತು. ತಂಡಗಳು ಮುಚ್ಚಿಹೋಗುತ್ತವೆ, ಪ್ರಾಯೋಜಕರು ಓಡಿಹೋಗುತ್ತಾರೆ ಎಂದು ಆಗ ಹೆದರಿಸಿದವರಿದ್ದರು. ಆದದ್ದು ಅದರ ತಿರುಗುಮುರುಗು. ಆದರೆ ಈ ಒಳ್ಳೆಯ ಕೆಲಸವೇ ಸೈಕ್ಲೋಕ್ರಾಸ್‌ಗೆ ಒಂದು ಹೊಸ ಕಷ್ಟವನ್ನು ತಂದಿಟ್ಟಿದೆ. ಹಣ ರಸ್ತೆಯಲ್ಲಿರುವುದರಿಂದ ಪ್ರತಿಭೆಯೂ ರಸ್ತೆಗೆ ಇಳಿಯುತ್ತಿದೆ. ವೋಸ್, ಲುಸಿಂಡಾ ಬ್ರಾಂಡ್ ಇವರೆಲ್ಲ ಬೇಸಿಗೆಯಲ್ಲಿ ರಸ್ತೆಯ ತಂಡಗಳಲ್ಲಿ ದುಡಿದವರು. ನೆದರ್ಲೆಂಡ್ಸ್‌ನ ಕ್ರಾಸ್ ಸವಾರರಲ್ಲೊಬ್ಬರಾದ ಪುಕ್ ಪೀಟರ್ಸೆ 2024ರಲ್ಲಿ ಮಹಿಳೆಯರ ಟೂರ್ ಡಿ ಫ್ರಾನ್ಸ್‌ನ ಒಂದು ಹಂತವನ್ನೂ ಮೌಂಟನ್ ಬೈಕ್ ವಿಶ್ವ ಪಟ್ಟವನ್ನೂ ಗೆದ್ದರು. ಅವರಿಗೆ ಇನ್ನು ಕೆಸರಿನಲ್ಲಿ ಇಡೀ ಚಳಿಗಾಲ ಕಳೆಯುವ ಅಗತ್ಯವೇನಿದೆ? ಮುಖ್ಯವಾಗಿ ಚಳಿಗಾಲದ ಹೊಲವನ್ನೇ ನೆಚ್ಚಿ, ಹದಿನೈದು ವರ್ಷ ಅದರಲ್ಲೇ ಬದುಕಿದ ಕಾಂಟ್‌ರಂಥ ಸವಾರರು ಇನ್ನು ಮುಂದೆ ಹುಟ್ಟುವುದು ಕಷ್ಟ. ಬರೀ ಕ್ರಾಸ್ ನೆಚ್ಚಿಕೊಳ್ಳುವ ಹುಡುಗಿಗೆ ಇವತ್ತು ಯಾವ ತಂದೆತಾಯಿಯೂ ಬುದ್ಧಿವಾದ ಹೇಳದೆ ಬಿಡಲಾರರು.

ವಿಶ್ವಕಪ್ ಸುತ್ತುಗಳನ್ನು ತಪ್ಪಿಸಿ ಬೇರೆ ಓಟಗಳಿಗೆ ಹೋಗುವ, ಅಥವಾ ಬಿಸಿಲಿನ ಸ್ಪೇನಿಗೆ ತರಬೇತಿಗೆ ಹೋಗುವ ಸವಾರರ ಮೇಲೆ ನಿರ್ಬಂಧ ಹೇರುವ ಮಾತನ್ನು ತಾವು ಈಚಿನ ವರ್ಷಗಳಲ್ಲಿ ಆಡಿದ್ದೀರಿ. ವಿಶ್ವಕಪ್ಪಿಗೆ ಗೌರವ ಬೇಕೆನ್ನುವುದು ನ್ಯಾಯವೇ. ಆದರೆ ಹಾಜರಿ ಕೇಳುವವರು ಕೂಲಿಯನ್ನೂ ಕೊಡಬೇಕಾಗುತ್ತದೆ. ನಮ್ಮ ತೋಟದಲ್ಲಿ ಅಡಿಕೆ ಸುಲಿಯಲು ಬರುವವರು ಕೂಡ ಮೊದಲ ದಿನವೇ ಇದನ್ನು ಹೇಳಿಬಿಡುತ್ತಾರೆ.

ಸಂಘಟಕರ ಕಡೆಯ ಮಾತನ್ನೂ ನಾನು ಕೇಳಿದ್ದೇನೆ. ಜನ ಬರುವುದು ಪುರುಷರ ಓಟಕ್ಕೆ, ಪುರುಷರ ದೊಡ್ಡ ತಾರೆ ವಾನ್ ಡರ್ ಪೂಲ್ ಬಂದ ದಿನ ಟಿಕೆಟ್ ಖರ್ಚಾಗುತ್ತದೆ, ಉಳಿದದ್ದೆಲ್ಲ ಅದರ ನೆರಳು ಎನ್ನುತ್ತಾರೆ. ಅದರಲ್ಲಿ ಸತ್ಯವಿಲ್ಲ ಎನ್ನಲಾರೆ. ಅವರು ಬಂದ ದಿನ ನಾನೂ ಅರ್ಧ ಗಂಟೆ ಮೊದಲೇ ಹೋಗಿ ಜಾಗ ಹಿಡಿದಿದ್ದೇನೆ. ಆದರೆ ಅಂಥ ದಿನಗಳಲ್ಲಿ ಪುರುಷರ ಓಟ ಎರಡನೆಯ ಸುತ್ತಿಗೇ ಮುಗಿದುಹೋಗುತ್ತದೆ, ಉಳಿದ ಮುಕ್ಕಾಲು ಗಂಟೆ ಎರಡನೆಯ ಸ್ಥಾನಕ್ಕೆ ಯಾರು ಎಂದು ನೋಡುತ್ತಾ ಆಲೂಗಡ್ಡೆ ಚಿಪ್ಸ್ ತಿನ್ನುವುದೇ ಕೆಲಸ. 2022ರಲ್ಲಿ ಅಮೆರಿಕದ ಫೇಯೆಟ್‌ವಿಲ್‌ನಲ್ಲಿ ವೋಸ್ ಮತ್ತು ಬ್ರಾಂಡ್ ಕೊನೆಯ ಗೆರೆಯವರೆಗೂ ಒಟ್ಟಿಗೇ ಬಂದು, ಕೊನೆಯ ಓಟದ ಜಿದ್ದಿನಲ್ಲಿ ವೋಸ್ ಎಂಟನೆಯ ಬಾರಿ ಗೆದ್ದರಲ್ಲ, ಆ ರಾತ್ರಿ ನಾನು ಟಿವಿಯ ಮುಂದೆ ಎದ್ದು ನಿಂತಿದ್ದೆ. ಮೊದಲ ಪಟ್ಟಕ್ಕೂ ಎಂಟನೆಯದಕ್ಕೂ ನಡುವೆ 16 ವರ್ಷ. ಹಾಗೆ ನೋಡಿದರೆ ಮಹಿಳೆಯರ ಓಟವನ್ನೂ 60 ನಿಮಿಷ ಮಾಡಿ ಎಂದು ಹಠ ಹಿಡಿಯುವವರ ಜೊತೆ ನಾನಿಲ್ಲ. 50 ನಿಮಿಷದ ಓಟ ಬಿಗಿಯಾಗಿದೆ, ಅದನ್ನು ಕದಲಿಸಬೇಡಿ. ಬೇಕಿದ್ದರೆ ಪುರುಷರದ್ದನ್ನೇ ಹತ್ತು ನಿಮಿಷ ಇಳಿಸಿ.

ಹಾಗಿದ್ದರೆ ನಾನು ಕೇಳುವುದು ಏನು? ಮೊದಲನೆಯದಾಗಿ, ತಮ್ಮ ಕ್ಯಾಲೆಂಡರಿನಲ್ಲಿ ಹೆಸರು ಬರಬೇಕೆಂದು ಬಯಸುವ ಪ್ರತಿ ಓಟದ ಸಂಘಟಕರೂ ಪುರುಷರಿಗೆ ಒಟ್ಟು ಎಷ್ಟು, ಮಹಿಳೆಯರಿಗೆ ಒಟ್ಟು ಎಷ್ಟು ಸ್ಟಾರ್ಟ್ ಮನಿ ಕೊಟ್ಟರೆಂಬ ಎರಡು ಮೊತ್ತಗಳನ್ನು ಋತುವಿನ ಕೊನೆಗೆ ಪ್ರಕಟಿಸುವಂತೆ ಮಾಡಿ. ಯಾರ ಹೆಸರೂ ಬೇಡ, ಯಾರ ಒಪ್ಪಂದವನ್ನೂ ಬಯಲಿಗೆಳೆಯುವುದು ಬೇಡ, ಎರಡೇ ಸಂಖ್ಯೆ ಸಾಕು. ಆ ಒಟ್ಟು ಮೊತ್ತದಲ್ಲಿ ಒಂದು ಪಾಲನ್ನು, ಆರಂಭದ ಗೆರೆಗೆ ಬಂದು ನಿಂತ ಪ್ರತಿ ಹೆಣ್ಣುಮಗಳಿಗೂ ಕನಿಷ್ಠ ದರವಾಗಿ ಮೀಸಲಿಡಲಿ. ಅದು ಪೆಟ್ರೋಲಿನ ಖರ್ಚಿಗೂ ಒಂದು ರಾತ್ರಿಯ ಕೊಠಡಿಗೂ ಆಗುವಷ್ಟಾದರೂ ಇರಲಿ. ತಮ್ಮಲ್ಲಿ ನೋಂದಾಯಿಸಿಕೊಳ್ಳುವ ಸೈಕ್ಲೋಕ್ರಾಸ್ ತಂಡಗಳಲ್ಲಿನ ಮಹಿಳೆಯರಿಗೆ, ರಸ್ತೆಯ ತಂಡಗಳಿಗೆ ಮಾಡಿದಂತೆಯೇ, ವರ್ಷದಿಂದ ವರ್ಷಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕನಿಷ್ಠ ಸಂಬಳವನ್ನು ಇಂತಿಷ್ಟೆಂದು ಅಂಕಿಯಲ್ಲಿ ಬರೆಯಿರಿ. ಅದರ ಜೊತೆಗೆ, ಯುರೋಪಿನ ಹೊರಗಿನಿಂದ ಬರುವ ಸವಾರಳಿಗೆ ತನ್ನ ಖಂಡದ ಚಾಂಪಿಯನ್‌ಷಿಪ್‌ನಲ್ಲಿ ಪಡೆದ ಸ್ಥಾನದ ಆಧಾರದ ಮೇಲೆ ಆರಂಭದಲ್ಲಿ ಮೂರನೆಯದೋ ನಾಲ್ಕನೆಯದೋ ಸಾಲನ್ನು ಕೊಡಬಹುದೇ ಎಂದು ಯೋಚಿಸಿ. ಶೇ 80ರ ನಿಯಮವನ್ನು ಕೈಬಿಡಿ ಎನ್ನುವುದಿಲ್ಲ. ಮುಂದಾಳುಗಳ ಕಾಲಿಗೆ ಸಿಗದಂತೆ ಹಾದಿ ತೆರವಾಗಿರಬೇಕು ಎಂಬುದು ನನಗೂ ಒಪ್ಪಿಗೆ. ಆದರೆ ಹೊರಗೆ ಕಳುಹಿಸಲ್ಪಟ್ಟವಳಿಗೂ ಆ ದಿನದ ಕೂಲಿ ಪೂರ್ತಿ ಸಿಗಲಿ.

2030ರಲ್ಲಿ ಫ್ರಾನ್ಸಿನ ಆಲ್ಪ್ಸ್‌ನಲ್ಲಿ ನಡೆಯುವ ಚಳಿಗಾಲದ ಒಲಿಂಪಿಕ್ಸ್‌ಗೆ ಸೈಕ್ಲೋಕ್ರಾಸನ್ನು ಸೇರಿಸಬೇಕೆಂದು ತಾವು ವಾದಿಸಿದ್ದನ್ನೂ, ಹಿಮ ಅಥವಾ ಮಂಜುಗಡ್ಡೆಯ ಮೇಲೆ ಆಡುವ ಆಟ ಮಾತ್ರ ಚಳಿಗಾಲದ ಒಲಿಂಪಿಕ್ಸ್‌ಗೆ ಸೇರಿದ್ದು ಎಂಬ ನಿಯಮವನ್ನು ಮುಂದಿಟ್ಟು ಚಳಿಗಾಲದ ಕ್ರೀಡೆಗಳ ಒಕ್ಕೂಟಗಳು ಅದನ್ನು ವಿರೋಧಿಸಿದ್ದನ್ನೂ ಓದಿದ್ದೇನೆ. ಒಲಿಂಪಿಕ್ಸ್ ಆಟವಾದರೆ ಸರ್ಕಾರಗಳು ಹಣ ಕೊಡುತ್ತವೆ ಎಂಬ ತಮ್ಮ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಆದರೆ ಸರ್ಕಾರಗಳು ಹಣ ಕೊಡುವುದು ಪದಕ ತರುವವರಿಗೆ, ಅಂದರೆ ಮತ್ತೆ ಮುಂದಿನ ಸಾಲಿಗೇ. ಒಲಿಂಪಿಕ್ಸ್ ಬರುವುದೋ ಬಿಡುವುದೋ ತಮ್ಮ ಕೈಯಲ್ಲಿಲ್ಲ, ಮೇಲೆ ಹೇಳಿದ್ದೆಲ್ಲವೂ ಇದೆ.

ಆ ತಂದೆಯನ್ನು ನಾನು ಅದರ ಮರುವರ್ಷ ನಾಮುರ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. ಪಿಟ್‌ನ ಆ ಮೂಲೆಯಲ್ಲಿ ಬೇರೊಂದು ದೇಶದ ಒಬ್ಬ ತಾಯಿ ನಿಂತಿದ್ದರು. ಅವರ ಬಳಿ ಬಕೆಟ್ ಇರಲಿಲ್ಲ, ಎರಡು ನೀರಿನ ಬಾಟಲಿಗಳಿದ್ದವು. ಬರುವ ಡಿಸೆಂಬರ್‌ನಲ್ಲೂ ನಾನು ಅಲ್ಲೇ ಇರುತ್ತೇನೆ. ಅಷ್ಟರೊಳಗೆ ಈ ಪತ್ರಕ್ಕೆ ತಮ್ಮಿಂದ ಎರಡು ಸಾಲಿನ ಉತ್ತರ ಬಂದರೆ ಅದನ್ನೂ ಕನ್ನಡಕ್ಕೆ ತಂದು ಇದೇ ರೀತಿ ಎಲ್ಲರ ಮುಂದಿಡುತ್ತೇನೆ.

ಗೌರವಪೂರ್ವಕವಾಗಿ,
ಲುವೆನ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡತಿ